ಬುಧವಾರದ ಟರ್ಕಿ ಉಂಡೆ

ಎಲ್ಲದಕ್ಕೂ ಕಾರಣ, ಬುಧವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ರೂಪ ಆಡಿದ ಒಂದು ಮಾತು.

"ಯಾರಾದ್ರೂ ಒಂದು ದಿನ ಬಿಸಿಬಿಸಿ ಅಡುಗೆ ಮಾಡಿ, ನನ್ನ ಮುಂದೆ ತಟ್ಟೆ ಇಟ್ಟು, 'ಕೂತ್ಕೋ, ಉಣ್ಣು' ಅಂದ್ರೆ ಸಾಕಪ್ಪ. ಇನ್ನೇನೂ ಬೇಡ."

ಅವಳು ಅದನ್ನು ಯಾರಿಗೂ ಹೇಳಿದ್ದಲ್ಲ. ಗೋಡೆಗೆ ಹೇಳಿದಂತೆ ಹೇಳಿ, "ಸಂಜೆ ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ, ತಡ ಆಗ್ತೈತೆ" ಎಂದು ಸೇರಿಸಿ, ಕೊಂಡ್ಲಹಳ್ಳಿಯ ಶಾಲೆಗೆ ಹೋಗುವ ಬಸ್ಸಿಗೆ ಓಡಿದಳು. ಆದರೆ ಅದೇ ಗೋಡೆಗೆ ಒರಗಿಕೊಂಡು ಹಲ್ಲುಜ್ಜುತ್ತಿದ್ದ ಅವಳ ಗಂಡ ಓಬಳೇಶನಿಗೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಸಿಕ್ಕಿಕೊಳ್ಳಲೇಬೇಕು. ಹೋದ ವರ್ಷ ಅವನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಂಚ ಹಿಡಿದಾಗ, ಅವನನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಉಣ್ಣಿಸಿ, ಆಮೇಲೆ ಬಸ್ ಹತ್ತಿ ಹೋಗಿ ಮಕ್ಕಳಿಗೆ ಪಾಠ ಮಾಡಿ ಬಂದವಳು ಅವಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಇವನ ಕಾಲು ಸರಿಯಾಯಿತು, ಅವಳ ಹೊಟ್ಟೆ ಕೆಟ್ಟಿತು. ಏನು ತಿಂದರೂ ಸಂಕಟ, ಮೈಮೇಲೆ ಗಂಧೆ. ಒಬ್ಬ ಡಾಕ್ಟರು ಅನುಮಾನದ ಮೇಲೆ ಗೋಧಿ, ಮೈದಾ, ರವೆ ಎಲ್ಲ ಬಿಡಿಸಿದರು. ಮಟನ್ನಿನ ಜಿಡ್ಡೂ ಬೇಡ ಅಂದರು. ಆರು ತಿಂಗಳಿಂದ ಅನ್ನ-ಸಾರು, ರಾಗಿ ರೊಟ್ಟಿ ತಿಂದುಕೊಂಡು ರೂಪ ಸವೆದ ಪೆನ್ಸಿಲಿನಂತಾಗಿದ್ದಳು.

ಓಬಳೇಶ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಮೈಕಿನ ಮುಂದೆ ಕುಳಿತು ಯಾವ ಬಸ್ಸು ಯಾವ ಕಡೆ ಹೊರಟಿತು ಎಂದು ಕೂಗುವುದು ಅವನ ಕೆಲಸ. ಒಳ್ಳೆಯ ಮನುಷ್ಯ. ಉಪಕಾರ ಮರೆಯುವ ಜಾತಿಯೇ ಅಲ್ಲ. ಯಾರಾದರೂ ಕುಡಿಯಲು ನೀರು ಕೊಟ್ಟರೂ ಎರಡೂ ಕೈ ಜೋಡಿಸಿ, "ನಿಮ್ಮ ಉಪಕಾರ ದೊಡ್ಡದು. ಸಂಜೆ ಮನೆ ಕಡೆ ಬರ್ರಿ, ಊಟ ಮಾಡೋಣ" ಅನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಯಾರೂ ಬಂದಿರಲಿಲ್ಲ. ಊಟಕ್ಕೆ ಏನು ಎಂದು ಅವನು ಹೇಳುತ್ತಿರಲಿಲ್ಲವಲ್ಲ!

ಅವತ್ತು ಬಸ್ಸಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಅಡುಗೆ ಹುಡುಕುತ್ತಾ ಕೂತ. ಒಬ್ಬ ಪರದೇಶದ ಹೆಂಗಸು, ಕನ್ನಡಿಯಂಥ ಅಡುಗೆಮನೆಯಲ್ಲಿ ನಿಂತು, ಒಂದು ಹನಿ ಬೆವರದೆ, ಅರ್ಧ ಗಂಟೆಯಲ್ಲಿ ಏನೋ ಉಂಡೆ ಮಾಡಿ ತಟ್ಟೆಗಿಟ್ಟಳು. ಅವನ ಗೆಳೆಯ ಗೋವರ್ಧನ, ನಾಯಕನಹಟ್ಟಿ ಬಸ್ಸಿನ ಕಂಡಕ್ಟರ್, ಟೀ ಲೋಟ ಹಿಡಿದು ಬಂದವನು ಹೆಗಲ ಮೇಲಿಂದ ಬಗ್ಗಿ ನೋಡಿದ.

"ಏನಲೇ ಅದು, ಗ್ಲುಟನ್ ಫ್ರೀ ಟರ್ಕಿ ಮೀಟ್‌ಬಾಲ್ ಅಂತೈತೆ?"

"ಗ್ಲುಟನ್ ಅಂದ್ರೆ ಗೋಧಿಲಿರೋ ಅಂಟಂತೆ. ರೂಪಂಗೆ ಡಾಕ್ಟ್ರು ಬೇಡ ಅಂದಿರೋದು ಅದನ್ನೇ. ಟರ್ಕಿ ಕೋಳಿಲಿ ಜಿಡ್ಡೂ ಇಲ್ವಂತೆ. ನೋಡು, ಎರಡೂ ಕೂಡಿ ಬಂತು!"

"ಮೀಟ್‌ಬಾಲ್ ಅಂದ್ರೆ ನಮ್ಮ ಕೈಮಾ ಉಂಡೆ ಕಣಲೇ! ನಮ್ಮವ್ವ ಹಬ್ಬದ ಮಾರನೇ ದಿನ ಮಾಡ್ತಿತ್ತು. ಅದಕ್ಕೆ ಸೂಟು ಬೂಟು ಹಾಕಿ ನಿಲ್ಸವ್ರೆ, ಅಷ್ಟೇಯ."

"ಟರ್ಕಿ ಎಲ್ಲಿ ಸಿಗ್ತೈತೆ?"

"ಉಳ್ಳಾರ್ತಿ ಕಾವಲ್ ಹುಲ್ಲುಗಾವಲ ಅಂಚಿಗೆ ಬೊಮ್ಮಲಿಂಗಪ್ಪ ಅಂತ ಅವ್ರೆ, ಕುರಿ ಸಾಕ್ತಾರೆ. ಹಟ್ಟಿಗೆ ಹಾವು ಬರ್ದಂಗೆ ಟರ್ಕಿ ಸಾಕವ್ರೆ. ನನ್ನ ಹೆಸರು ಹೇಳು, ಕೊಡ್ತಾರೆ."

ಓಬಳೇಶ ಎದ್ದು ಕೈ ಮುಗಿದ. "ನಿನ್ನ ಉಪಕಾರ ಮರೆಯಲ್ಲ ಗೋವರ್ಧನ. ಸಂಜೆ ಮನೆಗೆ ಬಾ. ಟರ್ಕಿ ಉಂಡೆ ಊಟ."

"ಬರ್ತೀನಿ" ಅಂದ ಗೋವರ್ಧನ, ತಟ್ಟನೆ. ಇಷ್ಟು ವರ್ಷದಲ್ಲಿ ಹಾಗೆ ಅಂದವನು ಅವನೇ ಮೊದಲಿಗ.

ಮಧ್ಯಾಹ್ನದ ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತಿದ. ಬೊಮ್ಮಲಿಂಗಪ್ಪ ಹಟ್ಟಿಯ ಮುಂದಿನ ಜಾಲಿ ಮರದ ನೆರಳಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು. ವಿಷಯ ಕೇಳಿ ಮೊದಲು ತಲೆ ಆಡಿಸಿದರು. ಆಮೇಲೆ ಯಾರ ಮನೆ, ಯಾವ ಊರು ಎಂದು ಕೇಳುತ್ತಾ ಹೋಗಿ, ಹೆಂಡತಿಯ ಹೆಸರಿಗೆ ಬಂದಾಗ ಎದ್ದು ನಿಂತರು.

"ಕೊಂಡ್ಲಹಳ್ಳಿ ಶಾಲೆ ರೂಪ ಮೇಡಮ್ಮಾ? ಅಯ್ಯೋ ನಿನ್ನ! ನಮ್ಮಕ್ಕನ ಮಗಳು ಗಣಿತದಾಗೆ ಎರಡು ಸಲ ಡುಮ್ಕಿ ಹೊಡೆದಿದ್ಲು. ಆಯಮ್ಮ ಸಾಯಂಕಾಲ ಕೂರಿಸ್ಕೊಂಡು ಹೇಳಿಕೊಟ್ಟು ಪಾಸ್ ಮಾಡ್ಸಿದ್ಲು. ಈಗ ನರ್ಸಿಂಗ್ ಓದ್ತೈತೆ ಮಗ. ಆಯಮ್ಮಂಗೆ ಅಂದ್ರೆ ಮಾರೋದೇನು ಬಂತು? ಹಿಡ್ಕೊಂಡು ಹೋಗು."

"ಕೊಯ್ದು ಕೊಡ್ತೀರಾ?"

"ಸಾಕಿದ ಕೈಯಪ್ಪಾ. ಅದು ನನ್ನ ಕೈಲಿ ಆಗಾಕಿಲ್ಲ."

ಓಬಳೇಶನ ಕಣ್ಣು ತುಂಬಿ ಬಂತು. ಹೆಂಡತಿ ಮಾಡಿದ ಪುಣ್ಯ ತನ್ನ ಸ್ಕೂಟರಿಗೆ ಬಂದು ಕೂರುತ್ತಿದೆಯಲ್ಲ ಅನ್ನಿಸಿ, "ಸಂಜೆ ನೀವು ಬರ್ಲೇಬೇಕು. ಅಕ್ಕನ್ನೂ ಕರ್ಕೊಂಡು ಬರ್ರಿ" ಅಂದ.

ಟರ್ಕಿ ಹುಂಜ ಸಾಮಾನ್ಯ ಆಸಾಮಿಯಲ್ಲ. ಕತ್ತಿನಡಿ ಕೆಂಪು ಚರ್ಮ ಜೋಲಾಡಿಸಿಕೊಂಡು, ಪೆನ್ಷನ್ ತಡವಾದ ಹೆಡ್ ಮಾಸ್ಟರರ ಹಾಗೆ ಓಬಳೇಶನನ್ನು ಕೆಕ್ಕರಿಸಿ ನೋಡಿತು. ಇಬ್ಬರೂ ಸೇರಿ ಅದರ ಕಾಲು ಕಟ್ಟಿ ಗೋಣಿಚೀಲಕ್ಕೆ ಇಳಿಸಿ, ಕತ್ತು ಮಾತ್ರ ಹೊರಗಿಟ್ಟು, ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿದರು. ಹಾರನ್ ಹೊಡೆದರೆ ಸಾಕು, ಅದೂ ಕತ್ತು ಚಾಚಿ "ಗ್ಲು ಗ್ಲು ಗ್ಲು ಗ್ಲು" ಎಂದು ಎದುರಾಡುತ್ತಿತ್ತು. ಗ್ಲುಟನ್ ಬೇಡವೆಂದು ಇಷ್ಟು ದೂರ ಬಂದರೆ, ಇದು ಬಾಯಿ ಬಿಟ್ಟರೆ ಗ್ಲು ಅನ್ನುತ್ತದಲ್ಲ ಎಂದು ಓಬಳೇಶನಿಗೆ ನಗು ಬಂತು.

ನಗು ಊರು ಸಮೀಪಿಸುವವರೆಗೂ ಉಳಿಯಲಿಲ್ಲ. ಟೀ ಅಂಗಡಿಯೊಂದರ ಮುಂದೆ ಖಾಕಿ ಅಂಗಿಯವನೊಬ್ಬ ರಸ್ತೆಗೆ ಬಂದು ಕೈ ಅಡ್ಡ ಹಿಡಿದ. ಅರಣ್ಯ ಇಲಾಖೆಯ ವಾಚರ್ ಜುಂಜಣ್ಣ.

"ನಿಲ್ಸಲೇ ಗಾಡಿನ! ಚೀಲದಾಗೆ ಏನೈತೆ?"

"ಕೋಳಿ ಸಾರ್."

"ನಿಮ್ಮನೇಲಿ ಇಷ್ಟುದ್ದ ಕತ್ತಿನ ಕೋಳಿ ಇರ್ತಾವಾ? ಕಾವಲ್ ಕಡೆಯಿಂದ ಬರ್ತಿದೀಯ, ಹಕ್ಕಿ ಹಿಡ್ಕೊಂಡು ಬರ್ತಿದೀಯ. ಇಳಿ ಕೆಳಗೆ."

ಟೀ ಅಂಗಡಿಯಲ್ಲಿ ಕೂತವರೆಲ್ಲ ಲೋಟದ ಸಮೇತ ಎದ್ದು ಬಂದರು. ಒಬ್ಬ ರಣಹದ್ದು ಅಂದ. ಇನ್ನೊಬ್ಬ, ಇದು ಎರೆಭೂತ ಹಕ್ಕಿ, ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಾವೆ, ಮುಟ್ಟಿದ್ರೆ ಜೈಲು ಗ್ಯಾರಂಟಿ ಅಂದ. "ಅಲ್ಲ ಸಾರ್, ಟರ್ಕಿ ಕೋಳಿ" ಎಂದು ಓಬಳೇಶ ಬೆವರೊರೆಸಿಕೊಳ್ಳುತ್ತಾ ಚೀಲ ಬಿಚ್ಚಿ ತೋರಿಸಿದ. ಅದೇ ತಪ್ಪಾಯಿತು. ಕಾಲು ಕಟ್ಟಿಸಿಕೊಂಡಿದ್ದ ಹುಂಜ ಜನರನ್ನು ಕಂಡು ಹುರುಪುಗೊಂಡು, ಮೈಯುಬ್ಬಿಸಿ, ಬಾಲದ ಗರಿಗಳನ್ನು ಬೀಸಣಿಗೆಯಂತೆ ಪೂರ್ತಿ ಬಿಚ್ಚಿ ನಿಂತಿತು.

"ನವಿಲು!" ಎಂದಿತು ಗುಂಪು, ಒಂದೇ ಕಂಠದಲ್ಲಿ.

"ರಾಷ್ಟ್ರಪಕ್ಷಿ" ಎಂದ ಜುಂಜಣ್ಣ, ಟೋಪಿ ಸರಿಮಾಡಿಕೊಳ್ಳುತ್ತಾ. "ನಡಿ ಆಫೀಸಿಗೆ."

ಓಬಳೇಶ ಎರಡೂ ಕೈ ಜೋಡಿಸಿದ. ಹೆಂಡತಿಗೆ ಊಟ ಮಾಡಿ ಹಾಕಲು ಹೋಗಿ ಅವಳ ಕೈಯಲ್ಲಿ ಜಾಮೀನು ಕೊಡಿಸಿಕೊಳ್ಳುವ ಗತಿ ಬಂತಲ್ಲ! ಕೊನೆಗೆ ತಡವರಿಸುತ್ತಾ ಬೊಮ್ಮಲಿಂಗಪ್ಪನವರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಜುಂಜಣ್ಣನ ಮುಂದೆ ಹಿಡಿದ.

"ನವಿಲಾ?" ಎಂದು ಆ ಕಡೆಯಿಂದ ಬೊಮ್ಮಲಿಂಗಪ್ಪ ನಕ್ಕರು. "ತಡೀರಿ ಸಾಮಿ, ನನ್ನ ಮಾತು ನಂಬಬೇಡ್ರಿ. ಅದರ ಅಣ್ಣ ಇಲ್ಲೇ ಅವ್ನೆ, ಅವನ ಕೈಲೇ ಮಾತಾಡಿಸ್ತೀನಿ."

ಸ್ವಲ್ಪ ಹೊತ್ತು ಓಡಾಟದ ಸದ್ದು. ಆಮೇಲೆ ಫೋನಿನೊಳಗಿಂದ "ಗ್ಲು ಗ್ಲು ಗ್ಲು ಗ್ಲು!" ಚೀಲದ ಮೇಲೆ ನಿಂತಿದ್ದ ಹುಂಜ ಕತ್ತು ನಿಮಿರಿಸಿ, ಫೋನಿನ ಕಡೆ ತಿರುಗಿ, ಅಷ್ಟೇ ಜೋರಾಗಿ "ಗ್ಲು ಗ್ಲು ಗ್ಲು ಗ್ಲು!" ಎಂದಿತು. ಅಣ್ಣತಮ್ಮಂದಿರು ಹಾಗೇ ಸ್ವಲ್ಪ ಹೊತ್ತು ಕಷ್ಟಸುಖ ಮಾತಾಡಿಕೊಂಡರು. ಟೀ ಅಂಗಡಿಯವನು ನಕ್ಕು ನಕ್ಕು ಬೆಂಚಿನ ಮೇಲೆ ಬಿದ್ದ. ಜುಂಜಣ್ಣನೂ ಬಿಗಿದುಕೊಂಡಿದ್ದ ಮುಖ ಸಡಿಲಿಸಿ, "ಹೋಗಪ್ಪ, ಹೋಗು. ಇದನ್ನೇನು ಮಾಡ್ತೀಯ?" ಅಂದ.

"ಹೆಂಡ್ತಿಗೆ ಕೈಮಾ ಉಂಡೆ ಮಾಡ್ತೀನಿ ಸಾರ್. ಬಿಟ್ರಲ್ಲ, ನಿಮ್ಮ ಉಪಕಾರ ದೊಡ್ಡದು. ಸಂಜೆ ಮನೆ ಕಡೆ..." ಓಬಳೇಶ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ಮನೆ ಎಲ್ಲಿ ಬರ್ತೈತೆ?" ಎಂದ ಜುಂಜಣ್ಣ.

ಚಿಕನ್ ಅಂಗಡಿಯ ಭಾಯಿ ಹುಂಜವನ್ನು ನೋಡಿ, "ಯಾ ಅಲ್ಲಾ! ಇದು ಕೋಳಿನಾ, ಒಂಟೆ ಮರಿನಾ?" ಎಂದ. ಮುಂದಿನ ಕೆಲಸ ನಡೆಯುವಾಗ ಓಬಳೇಶ ರಸ್ತೆಯ ಕಡೆ ಮುಖ ಮಾಡಿ ನಿಂತು, ಹೋಗುವ ಬರುವ ಬಸ್ಸುಗಳ ಬೋರ್ಡು ಓದುತ್ತಿದ್ದ. ಎಂಥ ಗತ್ತಿನ ಹಕ್ಕಿ ಎಂದು ಮನಸ್ಸಿಗೆ ಪಿಚ್ಚೆನಿಸಿತು. ಅದಕ್ಕೂ ಒಳಗೊಳಗೇ ಕೈ ಮುಗಿದ. ಪುಣ್ಯಕ್ಕೆ ಅದನ್ನು ಊಟಕ್ಕೆ ಕರೆಯುವಂತಿರಲಿಲ್ಲ.

"ಕೈಮಾ ಮಷಿನ್ ನನ್ನತ್ರ ಇಲ್ಲ ಸಾಬ್" ಎಂದ ಭಾಯಿ. "ಎರಡು ಕತ್ತಿ ಐತೆ, ಎರಡು ಕೈ ಐತೆ." ತಮಟೆ ಬಾರಿಸುವವನಂತೆ ಎರಡೂ ಕತ್ತಿ ಆಡಿಸಿ ಎದೆಮಾಂಸವನ್ನೆಲ್ಲ ನುಣ್ಣಗೆ ಕೊಚ್ಚಿ ಕೊಟ್ಟ. ತೋಳು ಒರೆಸಿಕೊಳ್ಳುತ್ತಾ, "ಇಷ್ಟು ಮೆಹನತ್ ಯಾರಿಗೂ ಮಾಡಿಲ್ಲ" ಅಂದ. ಅಂಥವನನ್ನು ಕರೆಯದೆ ಬರುವುದು ಹೇಗೆ?

ಮನೆಗೆ ಬಂದು ಒಲೆ ಹಚ್ಚುವಷ್ಟರಲ್ಲಿ ಪಕ್ಕದ ಮನೆಯ ಮಂಜಮ್ಮ ಬಾಗಿಲಲ್ಲಿ ನಿಂತಿದ್ದಳು. ಓಬಳೇಶನ ಮನೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಒಗ್ಗರಣೆ ವಾಸನೆ ಬಂದರೆ ಅವಳಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

"ಒಂದು ಹಿಡಿ ಮೈದಾ ಹಾಕು. ಇಲ್ಲಾಂದ್ರೆ ಉಂಡೆ ಒಡೀತಾವೆ."

"ಮೈದಾ ಬೇಡ ಮಂಜಕ್ಕ, ರೂಪಂಗೆ ಆಗಲ್ಲ."

"ಚಿರೋಟಿ ರವೆ?"

"ಅದೂ ಗೋಧಿನೇ."

"ಬ್ರೆಡ್ ಪುಡಿ?"

"ಮಂಜಕ್ಕಾ!"

"ಆಯ್ತು ಬಿಡು, ನಿನ್ನ ಕೈ ನಿನ್ನ ಕರ್ಮ" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕೂತಳು, ನೋಡಲು.

ಮಂಜಮ್ಮ ಹೇಳಿದಂತೆಯೇ ಆಯಿತು. ಮೊದಲ ಸರದಿಯ ಉಂಡೆಗಳು ಬಾಣಲೆಗೆ ಬಿದ್ದ ತಕ್ಷಣ, ಗಂಟೆ ಹೊಡೆದ ಶಾಲೆಯ ಮಕ್ಕಳಂತೆ ದಿಕ್ಕು ದಿಕ್ಕಿಗೆ ಚೆದುರಿದವು. ಬಾಚಿಕೊಳ್ಳುವಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲಿ ಮೇಣದಬತ್ತಿ ಹುಡುಕಿ ಹಚ್ಚಿ ಬರುವಷ್ಟರಲ್ಲಿ ಅರ್ಧ ಕೈಮಾ ಇದ್ದಿಲಾಗಿತ್ತು. ಓಬಳೇಶ ಸೌಟು ಹಿಡಿದುಕೊಂಡು ನೆಲದ ಮೇಲೆ ಕುಸಿದು ಕೂತುಬಿಟ್ಟ. ಅರ್ಧ ಗಂಟೆಯ ಅಡುಗೆ! ಆ ಪರದೇಶದ ಹೆಂಗಸಿಗೆ ಜುಂಜಣ್ಣ ಸಿಕ್ಕಿರಲಿಲ್ಲ, ಕರೆಂಟ್ ಹೋಗಿರಲಿಲ್ಲ.

ಅವನ ಮುಖ ನೋಡಿ ಮಂಜಮ್ಮ ಎದ್ದು ಬಂದಳು. "ಏಳು, ಗಂಡಸಾಗಿ ಸೌಟಿಗೆ ಅಳ್ತಾರಾ? ಹುರಿಗಡಲೆ ಐತಾ?"

ಇತ್ತು. ಮಿಕ್ಸಿ ತಿರುಗದ ಕಾರಣ ಅವಳು ತನ್ನ ಮನೆಯ ಒರಳಿನಲ್ಲಿ ಹುರಿಗಡಲೆ ಕುಟ್ಟಿ ಹಿಟ್ಟು ಮಾಡಿ ತಂದಳು. ಉಳಿದ ಕೈಮಾಕ್ಕೆ ಆ ಹಿಟ್ಟು, ಶುಂಠಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚೂರು ಚೆಕ್ಕೆ ಲವಂಗದ ಪುಡಿ ಸೇರಿಸಿ ಓಬಳೇಶ ನಾದಿದ. ಬಾಣಲೆ ಬೇಡ, ಎಣ್ಣೆ ಜಾಸ್ತಿ ಹಿಡಿಯುತ್ತದೆ ಎಂದು ಪಡ್ಡಿನ ತವೆ ಇಟ್ಟ. ಗುಳಿಗೊಂದು ತೊಟ್ಟು ಎಣ್ಣೆ, ಗುಳಿಗೊಂದು ಉಂಡೆ. ಕಡ್ಡಿಯಲ್ಲಿ ಮೆಲ್ಲಗೆ ತಿರುವಿದರೆ, ಒಂದಾದರೂ ಒಡೆಯಬೇಕಲ್ಲ! ಕೆಂಪಗೆ, ದುಂಡಗೆ, ತೊಟ್ಟಿಲಲ್ಲಿ ಮಲಗಿದ ಕೂಸುಗಳಂತೆ ಕೂತಿದ್ದವು. ಕರೆಂಟೂ ಬಂತು.

"ಮಂಜಕ್ಕ, ನೀನು ಇವತ್ತು ನನ್ನ ಪಾಲಿನ ಅವ್ವ. ಊಟಕ್ಕೆ ಇಲ್ಲೇ ಇರು" ಅಂದ ಓಬಳೇಶ.

"ಇನ್ನೆಲ್ಲಿಗೆ ಹೋಗ್ಲಿ? ಅನ್ನಕ್ಕಿಟ್ಟೀನಿ" ಎಂದಳು ಮಂಜಮ್ಮ.

ಮೊದಲ ಕೆಲಸವಾಗಿ ಅವನು ಒಂದು ಬಟ್ಟಲಿಗೆ ಚೆಂದದ ಉಂಡೆಗಳನ್ನು ಆರಿಸಿ ಹಾಕಿ, ಮುಚ್ಚಿ, ದೇವರ ಗೂಡಿನ ಪಕ್ಕದ ಎತ್ತರದ ಹಲಗೆಯ ಮೇಲಿಟ್ಟ. ಅದು ರೂಪಂದು. ಬಾಯಿಗೆ ಒಂದು ಚೂರೂ ಹಾಕಿಕೊಳ್ಳಲಿಲ್ಲ. ಅವಳು ತಿಂದ ಮೇಲೆ ತಾನು.

ಗೋವರ್ಧನ ಬಂದ. ಬೊಮ್ಮಲಿಂಗಪ್ಪ ಅಕ್ಕನೊಂದಿಗೆ ಬಂದರು. ಜುಂಜಣ್ಣ ಖಾಕಿ ಬಿಚ್ಚಿಟ್ಟು ಬಿಳಿ ಅಂಗಿಯಲ್ಲಿ ಬಂದ. ಅಂಗಡಿ ಮುಚ್ಚಿ ಭಾಯಿಯೂ ಬಂದ. ಮೂಳೆಯ ಸಾರು, ಅನ್ನ, ಉಂಡೆ. ಚಾಪೆಯ ಮೇಲೆ ಕೂತವರು ಮೊದಲು ಗಂಭೀರವಾಗಿ ರುಚಿ ನೋಡಿದರು, ಆಮೇಲೆ ಯಾರಿಗೂ ಮಾತು ಬೇಕಾಗಲಿಲ್ಲ. ತವೆಯಿಂದ ಇಳಿದ ಉಂಡೆ ತಟ್ಟೆ ಮುಟ್ಟುವ ಮೊದಲೇ ಮಾಯವಾಗುತ್ತಿತ್ತು.

"ಆ ಮೇಲಿನ ಬಟ್ಟಲಲ್ಲಿ ಏನೈತೆ?" ಎಂದ ಜುಂಜಣ್ಣ. ಕಾಡಿನಲ್ಲಿ ಹದ್ದುಗಣ್ಣಿಟ್ಟು ಅಭ್ಯಾಸ.

"ಅದು ನವಿಲು ಸಾರ್, ಮುಟ್ಟಂಗಿಲ್ಲ" ಎಂದ ಓಬಳೇಶ. ಜುಂಜಣ್ಣ ಕೆಮ್ಮಿ ತಲೆ ಬಗ್ಗಿಸಿದ.

ಅಷ್ಟರಲ್ಲಿ ಗೇಟು ಧಡ್ ಎಂದು ತೆರೆದ ಸದ್ದಾಯಿತು. ಯಾರೋ ಓಡಿ ಬಂದರು. ರೂಪ. ಬ್ಯಾಗು ಒಂದು ಕಡೆ, ಸೆರಗು ಒಂದು ಕಡೆ, ಮುಖದಲ್ಲಿ ರಕ್ತವಿಲ್ಲ. "ಏನಾಯ್ತು? ಇವರಿಗೇನಾಯ್ತು?" ಎಂದು ಬಾಗಿಲಲ್ಲೇ ಕೂಗಿ, ಸೌಟು ಹಿಡಿದು, ಹಣೆಗೆಲ್ಲ ಹುರಿಗಡಲೆ ಹಿಟ್ಟು ಬಳಿದುಕೊಂಡು ನಿಂತ ಗಂಡನನ್ನು ಕಂಡು ಗಕ್ಕನೆ ನಿಂತಳು.

"ಕೂತ್ಕೋ" ಎಂದ ಓಬಳೇಶ. ಬೆಳಗಿನಿಂದ ಹೇಳಬೇಕೆಂದುಕೊಂಡಿದ್ದ ಮಾತಿನಲ್ಲಿ ಅಷ್ಟೇ ಹೊರಬಂತು. ಅವಳನ್ನು ಕೂರಿಸಿ, ತಟ್ಟೆ ಇಟ್ಟು, ಮೇಲಿನ ಬಟ್ಟಲು ಇಳಿಸಿದ.

ರೂಪ ಉಂಡೆಗಳನ್ನು ನೋಡಿದಳು. ಗಂಡನ ಸುಟ್ಟ ಬೆರಳು ನೋಡಿದಳು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಒಂದನ್ನು ಎತ್ತಿದಳು.

"ಒಂದು ಚೂರು ಗೋಧಿ ಇಲ್ಲ, ಮೈದಾ ಇಲ್ಲ, ರವೆ ಇಲ್ಲ" ಎಂದ ಓಬಳೇಶ, ಮೈಕಿನ ಮುಂದೆ ಕೂತವನ ಗತ್ತಿನಲ್ಲಿ.

ರೂಪ ಕೈ ತಡೆದಳು. "ಅಯ್ಯೋ, ನಿಮಗೆ ಹೇಳ್ಲೇ ಇಲ್ಲ ನೋಡ್ರಿ. ರಕ್ತ ಪರೀಕ್ಷೆ ರಿಪೋರ್ಟ್ ಬಂತು. ನನಗೆ ಆಗದೇ ಇರೋದು ಗೋಧಿ ಅಲ್ವಂತೆ! ಗೋಧಿ ಎಷ್ಟು ಬೇಕಾದ್ರೂ ತಿನ್ನಬಹುದಂತೆ."

ಮನೆಯೆಲ್ಲ ಹೋ ಎಂದಿತು. ಬೊಮ್ಮಲಿಂಗಪ್ಪ ಮೇಲೆ ನೋಡಿ ಕೈ ಮುಗಿದರು. ಓಬಳೇಶನಂತೂ ಕುಣಿಯುವುದೊಂದು ಬಾಕಿ. "ಮತ್ತೆ ಯಾವುದು ಆಗಲ್ವಂತೆ?"

"ಶೇಂಗಾ. ಗೋಧಿ ಬಿಟ್ಟ ಮೇಲೆ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಜಾಸ್ತಿ ತಿಂದ್ನಲ್ಲ, ಅದಕ್ಕೇ ಇನ್ನೂ ಹೆಚ್ಚಾಯ್ತಂತೆ. ಬೀಜ, ಹಿಂಡಿ, ಎಣ್ಣೆ ಏನೂ ಸೋಕಬಾರದಂತೆ." ಕೈಯಲ್ಲಿದ್ದ ಉಂಡೆಯನ್ನು ನೋಡಿ ಅವಳ ದನಿ ಸಣ್ಣಗಾಯಿತು. "ಇದನ್ನ ಯಾವ ಎಣ್ಣೆಲಿ ಮಾಡಿದ್ರಿ?"

"ಚಳ್ಳಕೆರೆಲಿ ಇನ್ಯಾವ ಎಣ್ಣೆಲಿ ಮಾಡ್ತಾರಮ್ಮ..." ಎಂದು ಹುಮ್ಮಸ್ಸಿನಲ್ಲಿ ಶುರು ಮಾಡಿದ ಗೋವರ್ಧನ, ವಾಕ್ಯದ ಮಧ್ಯದಲ್ಲೇ ನಿಂತುಬಿಟ್ಟ.

ಓಬಳೇಶ ಎಣ್ಣೆ ಡಬ್ಬ ತಿರುಗಿಸಿ ನೋಡಿದ: ಶೇಂಗಾ ಎಣ್ಣೆ. ರೂಪ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು, ಅದರ ವಾಸನೆಯನ್ನು ಒಂದು ಸಲ ಸವಿದು, ಬಟ್ಟಲಿಗಿಟ್ಟು ಎದ್ದು ಕೈ ತೊಳೆದುಕೊಂಡು ಬಂದಳು. ಮಂಜಮ್ಮ ತನ್ನ ಮನೆಗೆ ಓಡಿ ಎರಡು ಚಪಾತಿ, ಒಂದಿಷ್ಟು ಪಲ್ಯ ತಂದಳು. ಗೋಧಿ ತಿನ್ನಬಹುದಲ್ಲ! ಆದರೆ ಅವನ್ನು ಬೇಯಿಸಿದ್ದೂ ಅದೇ ಎಣ್ಣೆಯಲ್ಲಿ. ಪಲ್ಯದ ಒಗ್ಗರಣೆಗೂ ಅದೇ ಎಣ್ಣೆ. ಮೂಳೆಯ ಸಾರಿಗೂ. ಈ ಊರಲ್ಲಿ ಶೇಂಗಾ ಬಿಡು ಅನ್ನುವುದು ಉಸಿರು ಬಿಡು ಅಂದಂತೆ.

"ಬೇಜಾರು ಬೇಡಪ್ಪ" ಎಂದರು ಬೊಮ್ಮಲಿಂಗಪ್ಪ. "ಇದರ ಅಣ್ಣ ಇನ್ನೂ ಅವ್ನಲ್ಲ. ನಾಳೆ ಅವನ್ನ ಹಿಡ್ಕೊಂಡು ಬಾ. ತುಪ್ಪದಾಗೆ ಮಾಡು. ಒಂದೇ ವಿಷಯ, ಅವನು ಕುಕ್ಕುತಾನೆ."

"ದಾರೀಲಿ ಯಾರಾದ್ರೂ ತಡೆದ್ರೆ ನನ್ನ ಹೆಸರು ಹೇಳು" ಎಂದ ಜುಂಜಣ್ಣ. ಕತ್ತಿ ಮಸೆದಿಡುತ್ತೇನೆ ಎಂದ ಭಾಯಿ. ತುಪ್ಪದ ಉಂಡೆ ಇನ್ನೂ ರುಚಿ ಎಂದಳು ಮಂಜಮ್ಮ. ಎಷ್ಟು ಹೊತ್ತಿಗೆ ಬರಲಿ ಎಂದ ಗೋವರ್ಧನ.

ಮಾತಾಡುತ್ತಾ ಆಡುತ್ತಾ, ವೇಸ್ಟ್ ಆಗಬಾರದೆಂದು, ಬಟ್ಟಲಿನಲ್ಲಿದ್ದುದನ್ನು ಅವರೇ ಮುಗಿಸಿದರು. ಬಾಯಿತುಂಬ ಹರಸಿ, ಕೈ ಹಿಡಿದು ಕುಲುಕಿ, ಒಬ್ಬೊಬ್ಬರಾಗಿ ಹೊರಟರು. ಓಬಳೇಶ ಎಲ್ಲರನ್ನೂ ಗೇಟಿನವರೆಗೆ ಬಿಟ್ಟು ಬಂದು ನೋಡಿದಾಗ ತವೆ ಬರಿದು, ಪಾತ್ರೆ ಬರಿದು. ಇಡೀ ದಿನ ಟರ್ಕಿಯ ಹಿಂದೆ ತಿರುಗಿದವನು ಒಂದೇ ಒಂದು ಉಂಡೆಯ ರುಚಿ ನೋಡಿರಲಿಲ್ಲ.

ರೂಪ ಅನ್ನಕ್ಕೆ ಮೊಸರು ಕಲಸಿ ಎರಡು ತಟ್ಟೆಗೆ ಹಾಕಿದ್ದಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತರು.

"ನಿನಗೆ ಬಿಸಿಬಿಸಿ ಊಟ ಹಾಕಬೇಕು ಅಂತ ಹೊರಟೆ. ಕೊನೆಗೆ ತಣ್ಣನೆ ಮೊಸರನ್ನ, ಅದೂ ನೀನೇ ಕಲಸಿದ್ದು" ಎಂದ ಓಬಳೇಶ, ತಲೆ ಎತ್ತದೆ.

"ಹಂಗನ್ಬೇಡ್ರಿ" ಎಂದಳು ರೂಪ. "ಬಾಗಿಲಲ್ಲಿ ಅಷ್ಟು ಜನರ ಚಪ್ಪಲಿ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ನಿಮಗೇನೋ ಆಗೈತೆ ಅಂದ್ಕೊಂಡೆ. ಒಳಗೆ ಬಂದು ನೋಡಿದ್ರೆ ನೀವು ಹಣೆಗೆ ಹಿಟ್ಟು ಬಳ್ಕೊಂಡು ನಿಂತಿದೀರ. ನನಗೆ ಆಗಲೇ ಹೊಟ್ಟೆ ತುಂಬ್ತು ಕಣ್ರಿ."

ಊರಿಗೆಲ್ಲ ಕೈ ಮುಗಿದು ಬಂದ ಓಬಳೇಶ ಅವಳಿಗೆ ಮಾತ್ರ ಕೈ ಮುಗಿಯಲಿಲ್ಲ. ಎದ್ದು ಅವಳ ತಟ್ಟೆಗೆ ಇನ್ನೊಂದು ಸೌಟು ಮೊಸರು ಹಾಕಿದ. ಹಾಕುವಾಗ, ಅವಳ ತಟ್ಟೆಯ ಅಂಚಿನಲ್ಲಿದ್ದ ಉಪ್ಪಿನಕಾಯಿಯ ಹೋಳನ್ನು ಬೆರಳಿಂದ ಮೆಲ್ಲಗೆ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ. ಅದಕ್ಕೂ ಶೇಂಗಾ ಎಣ್ಣೆಯೇ.